ಇನ್ನೂರು ಜನರ ಪಾದವಿದ್ದ ಡಿಸ್ಕು

ಓಣಿಯವರು ಅವಳನ್ನು ಕಿವಿಯಕ್ಕ ಎಂದೇ ಕರೆಯುವುದು. ಕೆಟ್ಟ ಹಾರ್ಡ್ ಡಿಸ್ಕನ್ನು ಯಾರೇ ತರಲಿ, ಮೊದಲು ಅದಕ್ಕೆ ಕಿವಿಗೊಟ್ಟು ಕೇಳುವುದು ಅವಳ ರೂಢಿ. ಹಿಂದೆ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದಾಗ ಡಿಸ್ಕೊಂದು ಕೈಕೊಟ್ಟು, ಒಂದು ಮದುವೆಯ ಅಷ್ಟೂ ಚಿತ್ರಗಳು ಹೋಗಿದ್ದವು. ಮದುಮಗಳು ಮುಂಗಡದ ರಸೀದಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋದದ್ದು ಮನಸ್ಸಿನಲ್ಲೇ ಉಳಿದು, ಈ ವಿದ್ಯೆಯ ಬೆನ್ನು ಹತ್ತಿದಳು. ಈಗ ಹೊಲಿಗೆ ಅಂಗಡಿಯ ಪಕ್ಕದ ಇಕ್ಕಟ್ಟು ಕೋಣೆಯೇ ಅವಳ ರಿಪೇರಿ ಅಂಗಡಿ.

ಒಂದು ಬೆಳಿಗ್ಗೆ ಬೂಟಜ್ಜ ತನ್ನ ಕಂಪ್ಯೂಟರು ಹೊತ್ತು ಬಂದ. ಕಾಲು ಗಿಡ್ಡವಿದ್ದವರಿಗೆ, ಪಾದ ಸೊಟ್ಟಗಿದ್ದವರಿಗೆ ಬೂಟು ಮಾಡಿಕೊಡುವವನು. ಇನ್ನೂರು ಜನರ ಪಾದದ ಅಳತೆ, ವರ್ಷವರ್ಷದ ಚಿತ್ರ ಸಮೇತ ಅವನ ಕಂಪ್ಯೂಟರಿನಲ್ಲಿತ್ತು. ಈಗ ಯಾವ ಫೈಲು ಒತ್ತಿದರೂ ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು.

"ಒಂದು ಹುಡುಗಿ ಇದಾಳೆ ತಾಯಿ. ಶಾಲೆ ಶುರುವಾಗೋದ್ರೊಳಗೆ ಬೂಟು ಕೊಡ್ಬೇಕು. ಪಾದ ಎತ್ತ ತಿರುಗ್ತಾ ಬಂದಿದೆ ಅಂತ ಹಳೇ ಅಳತೆ ನೋಡ್ದೆ ಬೂಟಿನ ಹಿಮ್ಮಡಿ ಕತ್ತರಿಸೋಕಾಗಲ್ಲ."

"ನಕಲು ಇಟ್ಟಿದೀರಾ ಅಜ್ಜ?"

"ಇಟ್ಟಿಲ್ದೆ ಏನು? ಡಿ ಒಳಗೊಂದು, ಇ ಒಳಗೊಂದು."

"ಡಿ, ಇ ಎರಡೂ ಇದೊಂದೇ ಡಿಸ್ಕಿನ ಭಾಗ, ಒಂದೇ ಬೀರುವಿನ ಎರಡು ಖಾನೆ ಇದ್ದಂಗೆ ಅಜ್ಜ. ಬೀರುವೇ ಬಿದ್ರೆ?"

ಅಜ್ಜನ ಮುಖ ಸಣ್ಣಗಾಯಿತು.

"ಕೆಟ್ಟ ಮೇಲೆ ಎಷ್ಟು ಸಲ ಆನ್ ಮಾಡಿದ್ರಿ?"

"ಹತ್ತೋ ಹನ್ನೆರಡೋ. ಒಂದೆರಡು ಸಲ ತಟ್ಟೂ ನೋಡ್ದೆ."

"ಕಾಲು ಮುರಿದೋರು ಬಂದ್ರೆ ಹನ್ನೆರಡು ಸಲ ಓಡಿಸಿ ನೋಡ್ತೀರಾ?"

ಅಜ್ಜ ಕಂಪ್ಯೂಟರನ್ನು ಮೆಲ್ಲಗೆ ಅವಳ ಮುಂದಕ್ಕೆ ಸರಿಸಿದ.

ಅವಳು ಡಿಸ್ಕನ್ನು ಹೊರತೆಗೆದು, ಅದಕ್ಕೆ ಕರೆಂಟು ಕೊಟ್ಟು ಕಿವಿ ಹತ್ತಿರ ತಂದಳು. ಟಕ್ ಟಕ್ ಎಂದಿದ್ದರೆ ಒಳಗೇನೋ ಮುರಿದಿದೆ ಎಂದರ್ಥ; ಆಗ ಆಫ್ ಮಾಡಿ, ಡಿಸ್ಕು ಬಿಚ್ಚುವ ಪರಿಣತರ ಬಳಿಗೆ ಕಳಿಸಬೇಕಾಗುತ್ತಿತ್ತು. ಸದ್ದು ಸಮನಾಗಿತ್ತು. ಯಾವ ಫೈಲನ್ನೂ ತೆರೆಯದೆ, ಇಡೀ ಡಿಸ್ಕನ್ನೇ ಇದ್ದದ್ದು ಇದ್ದ ಹಾಗೆ ಹೊಸದೊಂದಕ್ಕೆ ಇಳಿಸತೊಡಗಿದಳು. ಚೆನ್ನಾಗಿರುವ ಭಾಗ ಮೊದಲು. ಓದಲು ಬಿಡದೆ ಹಟ ಹಿಡಿದ ಜಾಗವನ್ನು ಬಿಟ್ಟು ಮುಂದಕ್ಕೆ. ಬಿಸಿಯಾದರೆ ನಿಲ್ಲಿಸಿ, ಆರಿದ ಮೇಲೆ ಮತ್ತೆ. ಜ್ವರದ ಮಗುವಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದ ಹಾಗೆ.

ಅಜ್ಜ ದಿನಾ ಮಧ್ಯಾಹ್ನ ಬಂದು ಬಾಗಿಲ ಬಳಿ ಕೂರುತ್ತಿದ್ದ. ಎರಡನೆಯ ದಿನ ಡಿ ಖಾನೆ ಇಳಿಯಿತು. ಅದರಲ್ಲಿ ಹುಡುಗಿಯ ಫೈಲು ಮಾತ್ರ ಚೂರುಚೂರು. ಅಜ್ಜ ಎದ್ದು ಮನೆಗೆ ಹೋದ. ಮೂರನೆಯ ದಿನ ಇ ಖಾನೆಯ ನಕಲಿನಲ್ಲಿ ಅದೇ ಫೈಲು ತೆರೆದುಕೊಂಡಿತು. ಹುಡುಗಿಯ ಎಡಪಾದ, ಐದು ವರ್ಷದ ಚಿತ್ರಗಳೂ ಸಾಲಾಗಿ, ಒಂದೊಂದು ಗೆರೆಯೂ ಸ್ಪಷ್ಟ.

ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡ. "ಹಂಗಾದ್ರೆ ನಾನು ಮಾಡಿದ್ದೇ ಸರಿ ಅನ್ನು."

"ಅದೃಷ್ಟ ಸರಿ ಇತ್ತು ಅಷ್ಟೇ. ಇನ್ಮೇಲೆ ಒಂದು ನಕಲು ಬೇರೆ ಡಿಸ್ಕಲ್ಲಿ, ಇನ್ನೊಂದು ಬೇರೆ ಮನೇಲಿ. ವಾರಕ್ಕೊಮ್ಮೆ ಹೊಸದಾಗಿ ನಕಲು ಹಾಕಿ, ತೆರೆಯುತ್ತಾ ಅಂತಾನೂ ನೋಡಿ."

"ಬೇರೆ ಮನೆ ಅಂದ್ರೆ ತಂಗಿದೇ. ಅವಳ ಜೊತೆ ಮಾತು ಬಿಟ್ಟು ನಾಲ್ಕು ವರ್ಷ."

"ವಾರವಾರ ಹೋಗೋಕೆ ನೆಪ ಸಿಕ್ತಲ್ಲ ಅಜ್ಜ."

ಏಳು ಜನರ ಅಳತೆ ಸಿಗಲೇ ಇಲ್ಲ. ಅವರನ್ನು ಕರೆಸಿ ಮತ್ತೆ ಅಳೆಯುವುದೆಂದು ಪಟ್ಟಿ ಬರೆದುಕೊಂಡ ಅಜ್ಜ, ಅವಳು ನಕಲು ತುಂಬಿಕೊಟ್ಟ ಎರಡು ಹೊಸ ಡಿಸ್ಕುಗಳನ್ನು ಬೇರೆ ಬೇರೆ ಜೇಬಿಗೆ ಇಳಿಸಿದ.

"ಮೊದ್ಲು ಆ ಹುಡುಗಿ ಹಿಮ್ಮಡಿ," ಎನ್ನುತ್ತಾ ಮೆಟ್ಟಿಲಿಳಿದ. "ತಂಗಿ ಭಾನುವಾರ."