ಕೆಂಪಿಯ ಗುಳಿಗೆ, ನನ್ನ ಎಡಗಾಲು

ಮೊದಲು ಕಿವಿ ಕೆರೆದುಕೊಂಡಳು. ಆಮೇಲೆ ಹೊಟ್ಟೆ. ಆಮೇಲೆ ಮೈಯೆಲ್ಲ, ರಕ್ತ ಬರುವ ತನಕ.

ಕೆಂಪಿ ನಮ್ಮ ನಾಯಿ. ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ನಾನು ಕುಣಿಯೊಳಗೆ ಕಾಲು ಇಳಿಬಿಟ್ಟರೆ ಸಾಕು, ಈ ಮಹಾರಾಣಿ ಇಳಿದು ಬಂದು ನನ್ನ ಎಡಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿದ್ದಳು. ಅವಳ ನಿದ್ದೆ ಕೆಡದಿರಲೆಂದು ಮಗ್ಗದ ಎರಡೂ ಕಾಲುಹಲಗೆಗಳನ್ನು ಬಲಗಾಲಿನಿಂದಲೇ ತುಳಿಯಲು ಕಲಿತಿದ್ದೆ.

ದನದ ದವಾಖಾನೆಯ ಡಾಕ್ಟರು ಅಲರ್ಜಿ ಎಂದರು. "ಸ್ಟಿರಾಯ್ಡ್ ಗುಳಿಗಿ ಕೊಟ್ರ ಲಗೂ ಆರಾಮ ಆಕ್ಕೈತ್ರಿ. ಆದ್ರ ನೀರು ಭಾಳ ಕುಡಿತೈತಿ, ಹಸಿವು ತಡ್ಯಂಗಿಲ್ಲ, ಹೊಟ್ಟಿ ದಪ್ಪ ಆಕ್ಕೈತಿ."

ಕೆರೆತ ನಿಂತಿತು. ಉದುರಿದ ಕೂದಲು ಮತ್ತೆ ಬಂತು. ನಾನಂತೂ ಹಿಗ್ಗಿಹೋದೆ. ಆದರೆ ಬಕೆಟ್ಟುಗಟ್ಟಲೆ ನೀರು ಕುಡಿದು ಕುಣಿಯಲ್ಲೇ ಉಚ್ಚೆ ಹೊಯ್ಯತೊಡಗಿದಳು. ನೂಲಿಗೆ ಹಚ್ಚಿದ ಗಂಜಿಯನ್ನೂ ನೆಕ್ಕಿದಳು. ವಿಧಿಯಿಲ್ಲದೆ ಹೊರಗೆ ಕಟ್ಟಿದೆ. ಎರಡೂ ಕಾಲು ಕೆಲಸಕ್ಕೆ ಬಂದವು, ಮಗ್ಗದಿಂದ ಸೀರೆ ಬೇಗ ಇಳಿಯುತ್ತಿತ್ತು. ಎಡಪಾದ ಮಾತ್ರ ತಣ್ಣಗಿರುತ್ತಿತ್ತು. ಕಣ್ಣೆದುರೇ ಕಟ್ಟಿದ ನಾಯಿಗಾಗಿ ಯಾರಾದರೂ ಹಂಬಲಿಸುತ್ತಾರೆಯೇ? ನಾನು ಹಂಬಲಿಸಿದೆ.

ಹೊಟ್ಟೆ ಜೋತುಬಿದ್ದಾಗ ನಮ್ಮತ್ತೆಯ ಮುಖ ಅರಳಿತು.

"ಕೆಂಪಿ ಬಸರಾಗ್ಯಾಳವಾ!"

"ಗುಳಿಗಿ ಹೊಟ್ಟಿರಿ ಅತ್ತಿ ಅದು."

"ನಾಕ ಹಡದಾಕಿಗೆ ಹೊಟ್ಟಿ ಗುರ್ತ ಹೇಳ್ತಿಯೇನ? ಸುಮ್ನಿರು."

ಮರುದಿನ ಬಯಕೆಯ ಊಟ. ಕೆಂಪಿಗೆ ಹೋಳಿಗೆ, ತುಪ್ಪ. ಹಸಿರು ಬಳೆ ತೊಡಿಸುವುದೊಂದು ಬಾಕಿ ಇತ್ತು. ನಾನೂ ನಕ್ಕುಬಿಟ್ಟೆ. ರೊಟ್ಟಿಯಲ್ಲಿ ಗುಳಿಗೆ ಮುಚ್ಚಿ ತಿನ್ನಿಸುವ ಕೆಲಸ ಅತ್ತೆಯದು. ಬಸುರಿಗೆ ಗುಳಿಗೆ ಕೊಡಬಾರದೆಂದು ಅವರು ಅದನ್ನು ನಿಲ್ಲಿಸಿದ್ದು ನನಗೆ ಗೊತ್ತೇ ಇರಲಿಲ್ಲ.

ಒಂದು ಬೆಳಗ್ಗೆ ಕೆಂಪಿ ಏಳಲಿಲ್ಲ.

ವಾಂತಿಯಲ್ಲೇ ಬಿದ್ದಿದ್ದಳು. ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಓಡಿದೆವು. ಇಂಜೆಕ್ಷನ್, ಸಲೈನ್. ಬಸುರಿಯೆಂದು ಗುಳಿಗೆ ನಿಲ್ಲಿಸಿದ್ದನ್ನು ಅತ್ತೆ ಅಲ್ಲೇ ಬಾಯಿಬಿಟ್ಟರು. ಡಾಕ್ಟರು ಸ್ಕ್ಯಾನ್ ಮಾಡಿ ನೋಡಿದರು.

"ಮರಿ ಇಲ್ರಿ. ಭಾಳ ದಿನ ಕೊಟ್ಟ ಗುಳಿಗಿ ಒಮ್ಮಿಗೇ ಬಿಡಸ್ಬಾರ್ದು. ಜೀವಕ್ಕ ಕುತ್ತು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಮನ್ಯಾಗ ಸಣ್ಣವು ಓಡ್ಯಾಡ್ಲಿ ಅಂತ ಆಸೆ ಆಗಿತ್ತು ನನಗ. ನಾನ ಕೊಲ್ತಿದ್ನಲ್ಲೋ ಶಿವನ." ನನಗೆ ಸಿಟ್ಟು ನೆತ್ತಿಗೇರಿತ್ತು, ಅದನ್ನು ಕೇಳಿ ಇಳಿದುಹೋಯಿತು.

ಕೆಂಪಿ ಚೇತರಿಸಿಕೊಂಡ ಮೇಲೆ ಡಾಕ್ಟರು ಕೇಳಿದರು. "ಡೋಸ್ ಸಾವಕಾಶ ಇಳಸಬಹುದು. ನೀರಡಿಕಿ ಕಡಿಮಿ ಆಕ್ಕೈತಿ, ಆದ್ರ ಕೆರತ ಸ್ವಲ್ಪ ವಾಪಸ್ ಬರ್ತೈತಿ. ಏನ್ ಮಾಡೂಣ್ರಿ?"

ಕೆರೆತವಿಲ್ಲದ ಕೆಂಪಿ ಬೇಕೋ, ಕೆಂಪಿಯಂಥ ಕೆಂಪಿ ಬೇಕೋ? ರಕ್ತ ಸೋರುತ್ತಿದ್ದ ಹೊಟ್ಟೆ ನೆನಪಾಯಿತು. ಮತ್ತೆ ಕುಣಿಗಿಳಿದು ಬರಲಿ ಎಂಬ ನನ್ನ ಆಸೆಗೆ ಅವಳನ್ನು ನೋಯಿಸಬಾರದಲ್ಲ. ಅಷ್ಟರಲ್ಲಿ ಅವಳು ಮೇಜಿನ ಮೇಲಿಂದಲೇ ಕತ್ತು ಚಾಚಿ ನನ್ನ ಕೈಮೇಲೆ ಗದ್ದ ಇಟ್ಟಳು.

"ಇಳಸ್ರಿ. ಕೆರತ ಜಾಸ್ತಿ ಆದ್ರ ಓಡಿ ಬರ್ತೀವಿ."

ಈಗ ಅತ್ತೆ ಗುಳಿಗೆ ತಿನ್ನಿಸುವಾಗ ನನ್ನನ್ನು ಕೂಗಿ ಕರೆದು ತೋರಿಸುತ್ತಾರೆ. ಉಚ್ಚೆಗೆ ಹೊರಗೆ ಓಡುವಷ್ಟು ಬುದ್ಧಿ ಕೆಂಪಿಗೆ ಮರಳಿದೆ. ಆಗಾಗ ಕೆರೆದುಕೊಳ್ಳುತ್ತಾಳೆ, ಆಗ ಮಗ್ಗ ಅಲುಗಿ ಲಾಳಿ ತಪ್ಪುತ್ತದೆ. ಬೈಯುತ್ತೇನೆ. ನಾಳೆ ಹೇಗೋ ಗೊತ್ತಿಲ್ಲ.

ಸದ್ಯ ಬಲಗಾಲಿನಿಂದಷ್ಟೇ ತುಳಿಯುತ್ತಿದ್ದೇನೆ.