ಗೋಡೆಯ ಈಚೆಯ ಚಾಪೆ

ಮಾದಾಪುರದ ನಾಮಕರಣಕ್ಕೆ ಹೋದದ್ದೇ ಕೊನೆ, ಆಮೇಲೆ ನಾವು ನಾಲ್ವರು ಒಟ್ಟಿಗೆ ಎಲ್ಲಿಗೂ ಹೋಗಲಿಲ್ಲ. ಅದು ನನ್ನ ಹೆಂಡತಿಯ ತಂಗಿಯ ಮನೆ. ನೆಂಟರು ತುಂಬಿದರೆ ಹೆಂಗಸರು, ಮಕ್ಕಳು ಒಳಕೋಣೆಯಲ್ಲಿ ಮಲಗಬೇಕು, ಗಂಡಸರು ಹಾಲ್‌ನಲ್ಲಿ. ನನ್ನ ಚಾಪೆ ಕೋಣೆಯ ಗೋಡೆಗೆ ತಾಗಿಕೊಂಡಿತ್ತು. ನಮ್ಮ ಚಿಕ್ಕ ಮಗಳು ಕೊಡ್ಲಿಪೇಟೆಯ ನಮ್ಮ ಮನೆಯಲ್ಲಿ ಸುಮ್ಮನೆ ಮಲಗುತ್ತಾಳೆ, ಬೇರೆ ಮನೆಯಲ್ಲಿ ಮಾತ್ರ ರಗಳೆ. ಅವತ್ತೂ ಗೋಡೆಯಾಚೆ ಹೆಂಡತಿ ಅವಳಿಗೆ ಮೆಲ್ಲಗೆ ಏನೋ ಹೇಳುತ್ತಲೇ ಇದ್ದಳು. ದಿನವಿಡೀ ಶಾಮಿಯಾನ ಕಟ್ಟಿ ಸುಸ್ತಾಗಿದ್ದ ನಾನು ಗೋಡೆ ಬಡಿದೆ.

"ಸಾಕು ಮಾರಾಯ್ತಿ, ಮಲಗಕ್ ಬುಡು."

ಮಾತು ನಿಂತಿತು. ಬೆಳಿಗ್ಗೆ ಹೆಂಡತಿಗೆ ಜ್ವರ. ಹತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು.

ಈ ವರ್ಷ ನಾದಿನಿಯ ಅದೇ ಮಗುವಿನ ಹುಟ್ಟುಹಬ್ಬಕ್ಕೆ ಮಕ್ಕಳಿಬ್ಬರನ್ನು ಕರೆದುಕೊಂಡು ಹೋದೆ. ಊಟವಾದ ಮೇಲೆ ನಾದಿನಿ ಅವರನ್ನು ಒಳಗೆ ಮಲಗಿಸಲು ಹೋದವಳು ಚಿಕ್ಕವಳನ್ನು ಎತ್ತಿಕೊಂಡು ವಾಪಸು ಬಂದಳು. ಯಾರ ಪಕ್ಕವೂ ಮಲಗುವುದಿಲ್ಲವಂತೆ. ಹಾಲ್‌ನಲ್ಲಿದ್ದ ಆ ಮನೆಯ ಅಜ್ಜ ಕಂಬಳಿ ಸರಿಸಿ, "ಬಾರವ್ವ, ನನ್ ಗೊರ್ಕೆ ಕೇಳುದ್ರೆ ಕಾಡಾನೇನೂ ಇತ್ಲಾಗ್ ತಲೆ ಹಾಕಲ್ಲ" ಎಂದರು. ಎಲ್ಲರೂ ನಕ್ಕರು. ಮಗಳು ಇನ್ನೂ ಜೋರಾಗಿ ಅತ್ತಳು.

ಆರು ಹೆಂಗಸರು ಮಲಗಿದ ಕೋಣೆಗೆ ನಾನು ಹೋಗುವಂತಿಲ್ಲ. ಅಡುಗೆಮನೆಯ ಪಕ್ಕ ಕಾಫಿ ಮೂಟೆ ಇಡುವ ಜಾಗದಲ್ಲಿ ನಾವು ಮೂವರೂ ಮಲಗುತ್ತೇವೆ ಎಂದೆ. ನಾದಿನಿಯ ಮುಖ ಸಣ್ಣಗಾಯಿತು. ನೆಂಟರನ್ನು ಮೂಟೆ ಪಕ್ಕ ಮಲಗಿಸಿದರೆ ನೋಡಿದವರು ಏನಂದಾರು ಎಂದಳು. ಅಷ್ಟು ಹೊತ್ತು ಎಲ್ಲರ ಉಪಚಾರ ಸಹಿಸಿಕೊಂಡಿದ್ದೆ. "ಅನ್ಲಿ ಬುಡು" ಎಂದುಬಿಟ್ಟೆ. ಅವಳು ಚಾಪೆ ಇಟ್ಟು ಹೋದಳು.

ಎಂಟು ವರ್ಷದ ದೊಡ್ಡವಳು ಯಾರೂ ಕರೆಯದೆ ಬ್ಯಾಗು ಎಳೆದುಕೊಂಡು ಬಂದಳು. ಬ್ಯಾಗನ್ನು ಗೋಡೆಗೆ ಒತ್ತಿಟ್ಟು, ಅದರ ಪಕ್ಕ ತಾನು, ತನ್ನ ಪಕ್ಕ ತಂಗಿ, ಈ ತುದಿಗೆ ನಾನು ಎಂದು ತೋರಿಸಿದಳು. ನೆಂಟರ ಮನೆಯಲ್ಲಿ ಅವರಮ್ಮ ಹಾಸುತ್ತಿದ್ದದ್ದು ಹಾಗೆಯೇ ಅಂತೆ. ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಚಿಕ್ಕವಳು ನನ್ನ ಕಡೆ ತಿರುಗಿದಳು. "ಅಮ್ಮ ಹೇಳ್ತಿದ್ದಂಗೆ ಹೇಳು."

ಕಾಗೆಯ ಕತೆ ಹೇಳಿದೆ. ಅದಲ್ಲ ಎಂದಳು. ದೇವರ ಹೆಸರು ಹೇಳಿದೆ, ನಮ್ಮ ಮನೆಯ ದನಗಳನ್ನು ಒಂದೊಂದಾಗಿ ಹೆಸರಿಸಿದೆ. ಅದೂ ಅಲ್ಲ. ದೊಡ್ಡವಳನ್ನು ಕೇಳಿದರೆ, ತನಗೆ ಅಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು ಎಂದಳು. ನನಗೆ ರೇಗಿತು. "ಹಂಗಾರೆ ನೀನೇ ಹೇಳು ಮತ್ತೆ" ಎಂದು ಚಿಕ್ಕವಳ ಮೇಲೆ ದನಿ ಏರಿಸಿದೆ.

"ನಂಗ್ ಗೊತ್ತಿಲ್ಲ. ಕೇಳುದ್ರೆ ಗೊತ್ತಾಯ್ತದೆ" ಎಂದಳು.

ಅತ್ತು ಅತ್ತು ಸಾಕಾಗಿ ಮಲಗಿದಳು.

ಬೆಳಿಗ್ಗೆ ನಾದಿನಿಯ ಹತ್ತಿರ ಹೋದೆ. ಹೋದ ವರ್ಷ ಅವಳೂ ಅದೇ ಕೋಣೆಯಲ್ಲಿ ಮಗುವಿನ ಜೊತೆ ಮಲಗಿದ್ದಳು. ಅಕ್ಕ ಏನು ಹೇಳುತ್ತಿದ್ದಳು, ನೆನಪಿದೆಯಾ ಎಂದು ಕೇಳಿದೆ.

"ಅದು ಕಿವಿಗ್ ಬೀಳಲಿಲ್ಲ ಭಾವ. ನೀವು ಗೋಡೆ ಬಡ್ದಿದ್ದು ಕೇಳುಸ್ತು."

ಈಗ ಯಾರ ಮನೆಗೆ ಹೋದರೂ ಮೂವರಿಗೂ ಒಂದೇ ಚಾಪೆ ಕೇಳುತ್ತೇನೆ. ಬ್ಯಾಗು ಗೋಡೆಗೆ, ನಾನು ತುದಿಗೆ. ಅವರಮ್ಮ ಏನು ಹೇಳುತ್ತಿದ್ದಳೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.