ಪರದೆ ಹಿಂದಿನ ಅತ್ತೆ

“ಪರದೆ ಅತ್ತೆ ಒಲೆ ಹಚ್ಚಿದಳು ಅಂದ್ರೆ ಇಂಟರ್‌ವಲ್ ಆಯ್ತು ಅಂತಲೇ ಲೆಕ್ಕ,” ಎನ್ನುತ್ತಿದ್ದರು ನೆರೆಹೊರೆಯವರು. ಹಳೇ ಚಿತ್ರಮಂದಿರದ ಗೇಟ್ ಕಾಯುವವನನ್ನು ಮದುವೆಯಾಗಿ ಬಂದಂದಿನಿಂದ ಅವಳ ಸಂಸಾರವೆಲ್ಲ ತೆಳು ಬಟ್ಟೆಯ ಪರದೆಯ ಹಿಂದಿನ ಕೋಣೆಯಲ್ಲೇ. ನಾಯಕಿ ಅಳುವಾಗ ಇವಳು ಈರುಳ್ಳಿ ಹೆಚ್ಚುವಳು, ಖಳನಾಯಕ ಬಂದರೆ ಸೌಟು ಎತ್ತಿ “ನಿನ್ನ ಮುಖಕ್ಕೆ ಬೆಂಕಿ ಹಾಕ!” ಎಂದು ಗದರುವಳು, ಮುಂದಿನ ಬೆಂಚಿನವರು ಬಿದ್ದು ಬಿದ್ದು ನಗುವರು. ಒಮ್ಮೆ ಮರೆತು ದೀಪ ಹಚ್ಚಿದಾಗ, ಪ್ರಣಯಗೀತೆಯ ನಡುವೆ ತಲೆ ಬಾಚುವ ಅವಳ ನೆರಳು ಪರದೆಯ ತುಂಬಾ ಬಿದ್ದು ಸಿಳ್ಳೆಯೋ ಸಿಳ್ಳೆ! “ಒಂದ್ಸಲ ಮುಂದೆ ಬಂದು ಕೂತ್ಕೊಳ್ಳೇ,” ಎಂದು ಗಂಡ ಗೋಗರೆದರೆ, “ಮುಂದೆ ಕೂರೋರು ನೆಂಟರು, ನಾನು ಮನೆಯವಳು,” ಎನ್ನುವಳು. ಒಳಗಿನ ಕಾರಣ ಮಾತ್ರ ಬೇರೆ. ಹಿಂದಿನಿಂದ ನೋಡಿದರೆ ಚಿತ್ರ ಎಡಬಲ ಅದಲುಬದಲು: ರಾಜರು ಎಡಗೈಯಲ್ಲೇ ಕತ್ತಿ ಹಿರಿಯುತ್ತಿದ್ದರು, ರಾಣಿಯರು ಎಡಗೈಯಲ್ಲೇ ಓಲೆ ಬರೆಯುತ್ತಿದ್ದರು. ಎಡಚಿ ಎಂದು ಚಿಕ್ಕಂದಿನಲ್ಲಿ ಅಮ್ಮನಿಂದ ಏಟು ತಿಂದವಳಿಗೆ, ದೊಡ್ಡ ದೊಡ್ಡವರೆಲ್ಲ ತನ್ನ ಹಾಗೇ ಇರುವ ಜಾಗ ಅದೊಂದೇ. ಈಗ ಚಿತ್ರಮಂದಿರವನ್ನು ದುರಸ್ತಿ ಮಾಡಿ ಹಳೆಯ ಸೊಬಗು ಮರಳಿ ತರುತ್ತಿದ್ದಾರೆ. ಹೊಸ ಪರದೆ ಅವಳ ಕೋಣೆಯ ಹಿಂಗೋಡೆಗೇ ಏರಲಿದೆ, ಆ ಕೋಣೆ ಹೋಗಲಿದೆ. ಗಂಡ ಗಂಟುಮೂಟೆಯನ್ನು ಗಾಡಿಗೆ ಹೇರಿದ. ಅವಳು ಸೌಟೊಂದನ್ನೇ ಕೈಯಲ್ಲಿ ಉಳಿಸಿಕೊಂಡು, ಹಿತ್ತಿಲ ಬಾಗಿಲು ಬಿಟ್ಟು, ಪರದೆಯಡಿ ನುಸುಳಿ ಮುಂದಕ್ಕೆ ಬಂದಳು. ಹೊಸ ಕೆಂಪು ಮೆತ್ತೆಯ ಕುರ್ಚಿಗಳು ಖಾಲಿ. ಆಪರೇಟರ್ ಹಳೆಯ ರೀಲೊಂದನ್ನು ಓಡಿಸಿ ಪರೀಕ್ಷಿಸುತ್ತಿದ್ದ. ತಿರುಗಿ ನೋಡಿದರೆ ಅವಳ ರಾಜ ಬಲಗೈಯಲ್ಲಿ ಕತ್ತಿ ಬೀಸುತ್ತಿದ್ದಾನೆ! “ಅಯ್ಯೋ ಪಾಪ, ಇವನಿಗೂ ಅವರಮ್ಮ ಹೊಡೆದಿರಬೇಕು,” ಎಂದು ನಕ್ಕು, ಸೌಟನ್ನು ಎಡಗೈಯಲ್ಲೇ ಎತ್ತಿ ಹಿಡಿದು, ಮುಂಬಾಗಿಲಿನಿಂದ ಹೊರನಡೆದಳು.